ಲಾಭ, ಎರಡು, ಮೂರು

ಒಂದು ಪದದ ಅರ್ಥವನ್ನು ನಾನು ತಪ್ಪಾಗಿ ಹೇಳಿದ್ದೆ. ಅದರಿಂದ ಏನಾಯಿತೆಂದು ಎರಡೇ ವಾರದಲ್ಲಿ ನನಗೆ ಗೊತ್ತಾಯಿತು. ಸರಿಪಡಿಸುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ, ನನ್ನ ಮಾತು ನಂಬಿ ಬರೆದುಕೊಂಡಿದ್ದ ಮನುಷ್ಯ ತಮ್ಮ ದೇಶದ ಕೃಷಿ ಮಂತ್ರಿಯಾಗಿದ್ದರು.

ಆಗ ನಾನು ರಾಯಚೂರಿನಲ್ಲಿ ಜೋಳದ ಒಂದು ಸಂಶೋಧನಾ ಯೋಜನೆಯಲ್ಲಿ ಹಂಗಾಮಿ ಕ್ಷೇತ್ರ ಸಹಾಯಕಿ. ನಮ್ಮವ್ವ ಗುಂಜಹಳ್ಳಿಯ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಕೃಷಿಯ ಡಿಪ್ಲೊಮಾ ಓದಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಹೊಲಕ್ಕೆ ಹೋದವಳು ನಾನೇ ಮೊದಲು. ಆ ಚೀಟಿ ವರ್ಷಕ್ಕೊಮ್ಮೆ ಹೊಸದಾಗಬೇಕಿತ್ತು. ಹೊಸದು ಕೊಡಿಸುವುದು ನಮ್ಮ ಪ್ರಾಧ್ಯಾಪಕರ ಒಂದು ಸಹಿಯ ಮೇಲೆ ನಿಂತಿತ್ತು.

ನನ್ನ ಮಾತು ನಂಬಿದ ಆ ಮನುಷ್ಯ ಪೂರ್ವ ಆಫ್ರಿಕಾದಿಂದ ಪಿಎಚ್.ಡಿ.ಗೆಂದು ಬಂದಿದ್ದರು. ತೆಳ್ಳಗೆ, ಎತ್ತರ. ಮಾತಿಗಿಂತ ಮೊದಲು ಜೇಬಿನಿಂದ ಪೆನ್ನು ಹೊರಗೆ ಬರುತ್ತಿತ್ತು. ಅವರ ದೇಶದ ಜೋಳವನ್ನೂ ನಮ್ಮ ಜವಾರಿ ಜೋಳವನ್ನೂ ಕೂಡಿಸಿ ನಮ್ಮ ಪ್ರಾಧ್ಯಾಪಕರು ಹಲವು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದ ಎರಡು ತಳಿಗಳಿದ್ದವು. ಒಂದು ಆಳೆತ್ತರಕ್ಕಿಂತ ಉದ್ದ ಬೆಳೆಯುವುದು, ಇನ್ನೊಂದು ಎದೆಮಟ್ಟದ ಗಿಡ್ಡ. ಇವೆರಡರಲ್ಲಿ ಯಾವುದು ಹೆಚ್ಚು ಕಾಳು ಕೊಡುತ್ತದೆಂದು ರೈತರ ಹೊಲದಲ್ಲೇ ಬೆಳೆದು ನೋಡುವುದು ಅವರ ಕೆಲಸ. ಗೆದ್ದದ್ದರ ಬೀಜವನ್ನು ತಮ್ಮ ದೇಶಕ್ಕೆ ಒಯ್ಯುವುದೆಂದು ಮೊದಲೇ ಒಪ್ಪಂದವಾಗಿತ್ತು. ಒಂದೇ ಒಂದರ ಬೀಜ.

ಮಾನ್ವಿಯ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತುಕೊಂಡೇ ಬರುತ್ತಿದ್ದರು. ಅವರು ಅದನ್ನು ಗಮನಿಸದವರಂತೆ ಕಿಟಕಿಯಾಚೆಯ ಬೆಳೆ ನೋಡುತ್ತಿದ್ದರು. ಎರಡನೆಯ ವಾರದಿಂದ ನಾನು ಆ ಸೀಟಿನಲ್ಲಿ ಕುಳಿತೆ. ಕನ್ನಡದ ಅಂಕಿ ಕಲಿಸೆಂದರು. ಒಂದು, ಎರಡು, ಮೂರು ಎಂದು ನೂರರವರೆಗೆ ಕಲಿಸಿದೆ. ನಾವಿಬ್ಬರೂ ಮಾತನಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾನ್ವಿ ಕಡೆಯ ಕುರ್ಡಿ ಎಂಬ ಊರಿನಲ್ಲಿ ನಮಗೆ ಹೊಲ ಕೊಟ್ಟವನು ಒಬ್ಬ ಮುದುಕ. ಸೊಸೆ ಹತ್ತನೇ ತರಗತಿ ಪಾಸಾದವಳು. ಮೊದಲ ದಿನವೇ ಮುದುಕ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿ ನನ್ನನ್ನು ಕೇಳಿದ.

“ಯವ್ವಾ, ಇವರ ಊರಾಗ ಏನ್ ಉಣ್ತಾರ?”

“ಜ್ವಾಳಾನ ಉಣ್ತಾರ, ಯಪ್ಪಾ. ಜ್ವಾಳ ಹುಟ್ಟಿದ್ದೇ ಆ ಕಡಿ ಅಂತ.”

“ಹೌದನು?” ಮುದುಕ ರುಮಾಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. “ಅಂದ್ರ ಜ್ವಾಳದ ತವರುಮನಿ ಇವರದು. ಕೊಟ್ಟ ಮನಿ ನಮ್ಮದು. ಬರ್ರಿ ಬೀಗರ, ಕುಂದರ್ರಿ. ಮಗಳನ್ನ ಕೊಟ್ಟು ಇಷ್ಟು ವರ್ಷ ಆದ ಮ್ಯಾಲ ನೋಡಾಕ ಬಂದೀರೇನು?”

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಅಂದಿನಿಂದ ಕುರ್ಡಿಯಲ್ಲಿ ಅವರು ಬೀಗರೇ. ಸೊಸೆಯೂ ಹಾಗೆಯೇ ಕರೆಯುತ್ತಿದ್ದಳು. ರೊಟ್ಟಿ ಬಡಿಸುವಾಗ “ಬೀಗರಿಗೆ ಖಾರ ಹತ್ತಿತೇನೋ, ಕಣ್ಣಾಗ ನೀರು ನೋಡ್ರಿ” ಎಂದು ಛೇಡಿಸುತ್ತಿದ್ದಳು.

ಅವರ ಮನಸ್ಸು ಉದ್ದನೆಯ ತಳಿಯ ಮೇಲಿತ್ತು. ಒಮ್ಮೆ ಹೊಲದ ಬದುವಿನ ಮೇಲೆ ಕುಳಿತಾಗ ಹೇಳಿದರು: “ನಮ್ಮ ತಾಯಿ ಜೋಳದ ದಂಟಿನಿಂದಲೇ ಮನೆಯ ಮಾಡು ಹೊದಿಸುತ್ತಿದ್ದಳು, ಬೇಲಿ ಕಟ್ಟುತ್ತಿದ್ದಳು, ಉಳಿದದ್ದು ದನಕ್ಕೆ. ಗಿಡ್ಡ ಜೋಳ ಕಂಡರೆ ಅವಳು ಬೈಯುತ್ತಾಳೆ. ಆದರೆ ನನ್ನ ಆಸೆಯನ್ನು ಹಾಳೆಯ ಮೇಲೆ ಬರೆಯುವಂತಿಲ್ಲ.” ಅವರಿಂದ ನಾನು ಕಲಿತ ಮುಖ್ಯ ಕೆಲಸವೂ ಹಾಳೆಯದೇ. ಹೊಲದಲ್ಲಿ ಬರೆದ ಹಾಳೆಯಲ್ಲಿ ತಪ್ಪಾದರೆ ಅಳಿಸಬಾರದು, ಗೀಚಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಹಳೆಯ ಅಂಕಿ ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಬೇಕು.

ದೇವದುರ್ಗದ ತಾಕುಗಳು, ಅಂದರೆ ಪ್ರಯೋಗಕ್ಕೆಂದು ಅಳೆದು ಬಿಟ್ಟ ಹೊಲದ ತುಂಡುಗಳು, ಮೊದಲು ಕಟಾವಾದವು. ಅಲ್ಲಿ ತೂಕದ ಯಂತ್ರವಿತ್ತು. ಎರಡೂ ತಳಿ ಸಮಸಮ ಬಂದವು. ಇನ್ನು ತೀರ್ಮಾನವಾಗಬೇಕಾದದ್ದು ಕುರ್ಡಿಯಲ್ಲಿ.

ಕುರ್ಡಿಯಲ್ಲಿ ಒಕ್ಕಣೆ ಮುಗಿದ ದಿನ ಮಧ್ಯಾಹ್ನ ಅಕಾಲದ ಮೋಡ ಕವಿಯಿತು. ದೇವದುರ್ಗದಿಂದ ಬರುವಾಗ ಬಸ್ಸಿನ ಮೇಲೆ ಹಾಕಿದ್ದ ತೂಕದ ಯಂತ್ರ ಒಂದೇ ಮೂಟೆಯನ್ನು ಮೂರು ಸಲ ಇಟ್ಟರೆ ಮೂರು ತೂಕ ತೋರಿಸುತ್ತಿತ್ತು. ಅವರು ಅದನ್ನು ತಟ್ಟಿ ನೋಡಿದರು, ತಲೆಕೆಳಗು ಮಾಡಿ ನೋಡಿದರು.

“ಅದನ್ನ ಮಲಗಸ್ರಿ ಅತ್ಲಾಗ,” ಎಂದ ಮುದುಕ. “ನಮ್ಮ ಸೇರು ಅದ. ಅದಕ್ಕ ಬ್ಯಾಟ್ರಿ ಬ್ಯಾಡ.”

ಅವರು ಯೋಚಿಸಿ ಒಪ್ಪಿದರು. ಪ್ರತಿ ತಾಕಿನ ಕಾಳನ್ನು ಸೇರಿನಲ್ಲಿ ಅಳೆಯುವುದು. ಪ್ರತಿ ತಳಿಯ ಒಂದೊಂದು ಸೇರು ಕಾಳನ್ನು ರಾಯಚೂರಿಗೆ ಒಯ್ದು ತೂಗಿ, ಅದರಿಂದ ಲೆಕ್ಕ ಮಾಡುವುದು. ವಿಧಾನದಲ್ಲಿ ತಪ್ಪಿರಲಿಲ್ಲ, ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಮಳೆ ಬರುವುದರೊಳಗೆ ಮುಗಿಸಬೇಕೆಂದು ಕಣದ ಎರಡು ತುದಿಯಲ್ಲಿ ಏಕಕಾಲಕ್ಕೆ ಅಳತೆ ನಡೆಯಿತು. ಉದ್ದನೆಯ ತಳಿಯ ರಾಶಿಗಳನ್ನು ಮುದುಕ ಅಳೆದ, ಅವರು ಪಕ್ಕದಲ್ಲಿ ನಿಂತು ಸೇರಿಗೊಂದು ಗೀಟು ಹಾಕಿದರು. ಗಿಡ್ಡ ತಳಿಯ ರಾಶಿಗಳನ್ನು ಸೊಸೆ ಅಳೆದಳು, ಗೀಟು ಹಾಕಿದವಳು ನಾನು.

ನಮ್ಮ ಕಡೆ ಹಿರಿಯರು ಕಾಳು ಅಳೆಯುವಾಗ ‘ಒಂದು’ ಅನ್ನುವುದಿಲ್ಲ. ರಾಶಿಯ ಮುಂದೆ ಒಂಟಿತನದ ಮಾತು ಬೇಡವೆಂದು ಮೊದಲ ಸೇರಿಗೆ ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು. ಲಾಭವೆಂದರೆ ಒಂದೇ. ಅದು ಲೆಕ್ಕಕ್ಕೆ ಸೇರಿದ್ದು, ಅದೇ ಚೀಲಕ್ಕೆ ಬೀಳುವುದು. ನಮ್ಮವ್ವನೂ ಹಾಗೆಯೇ ಎಣಿಸುತ್ತಾಳೆ. ನಾನು ಎಣಿಸುತ್ತಿರಲಿಲ್ಲ. ಬಸ್ಸಿನಲ್ಲಿ ಅಂಕಿ ಕಲಿಸುವಾಗ ಅದನ್ನು ಹೇಳಬಹುದಿತ್ತು. ಓದಿದವಳಿಗೆ ಅದು ಹಳೆಯ ಕಾಲದ್ದೆನಿಸಿತು, ಹೇಳಲಿಲ್ಲ. ಸೊಸೆಯೂ ಶಾಲೆಯವಳಂತೆ ಒಂದು, ಎರಡು ಎಂದೇ ಅಳೆದಳು.

ಮುದುಕ ಸೇರನ್ನು ಹಣೆಗೆ ಮುಟ್ಟಿಸಿ “ಲಾಭ” ಎಂದು ಮೊದಲನೆಯದನ್ನು ಚೀಲಕ್ಕೆ ಸುರಿದ. ಅವರು ಪೆನ್ನು ಎತ್ತಿ ಹಿಡಿದು ಕಣದ ಆ ತುದಿಯಿಂದ ಕೂಗಿ ಕೇಳಿದರು: “ಮೊದಲು ಏನೋ ಹೇಳಿದರಲ್ಲ, ಏನದು?”

ನಾನು ನನ್ನ ಎಣಿಕೆಯ ನಡುವೆ ಇದ್ದೆ. ತಲೆ ಎತ್ತಲಿಲ್ಲ. “ಅದು ದೇವರಿಗೆ,” ಎಂದೆ. ಇಂಗ್ಲಿಷಿನ ಎರಡೇ ಪದ.

ಅವರು ತಲೆಯಾಡಿಸಿದರು. ಹನಿ ಬೀಳುವುದರೊಳಗೆ ಅಳತೆ ಮುಗಿಯಿತು.

ಎರಡು ವಾರದ ನಂತರ ರಾಯಚೂರಿನ ಇಲಾಖೆಯ ಕೋಣೆಯಲ್ಲಿ ಕಚ್ಚಾ ಹಾಳೆಗಳನ್ನು ಶುದ್ಧಪ್ರತಿ ಮಾಡುವ ಕೆಲಸ ನನಗೆ ಬಂತು. ಅವರ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿ ಇತ್ತು: “ಪ್ರತಿ ತಾಕಿನ ಮೊದಲ ಸೇರು ದೇವರ ಪಾಲು. ಎಣಿಸಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಉದ್ದನೆಯ ತಳಿಯ ಆರು ತಾಕು. ಆರರಲ್ಲೂ ಒಂದೊಂದು ಸೇರು ಕಡಿಮೆ. ನಾನೂ ನನ್ನ ಕಡೆ ಹಾಗೆಯೇ ಬಿಟ್ಟಿದ್ದೇನೆಂದು ಅವರು ಅಂದುಕೊಂಡಿರಬೇಕು. ಅಷ್ಟು ಸಣ್ಣ ತಾಕಿನಲ್ಲಿ ಒಂದು ಸೇರೆಂದರೆ ಗೆಲುವು ಸೋಲಿನ ಅಂತರ. ಗಿಡ್ಡ ತಳಿ ಗೆದ್ದದ್ದು ಆ ಅಂತರದಲ್ಲೇ.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಅವರು ಪಕ್ಕದ ಕೋಣೆಯಲ್ಲೇ ಇದ್ದರು. ಯಾಕೆ ಹೇಳಲಿಲ್ಲ ಎಂಬುದಕ್ಕೆ ಕಾರಣಗಳಿವೆ. ಅವೆಲ್ಲ ನಿಜವಾದ ಕಾರಣಗಳು, ಒಂದೂ ಸಾಲದು. ಅವರ ವೀಸಾ ಮುಗಿಯುತ್ತ ಬಂದಿತ್ತು. ಇನ್ನೊಂದು ಹಂಗಾಮು ಬೆಳೆದು ನೋಡಲು ಸಮಯವಿರಲಿಲ್ಲ. ಪ್ರಾಧ್ಯಾಪಕರು ಬೆಳಿಗ್ಗೆಯಷ್ಟೇ ಬಾಗಿಲಲ್ಲಿ ನಿಂತು, “ಎಲ್ಲಾ ಛಲೋ ಆಗ್ಯಾದಲ್ಲವಾ? ನಿನ್ನ ಕಾಗದಕ್ಕೂ ಇದೇ ವಾರ ಸಹಿ ಮಾಡ್ತೀನಿ” ಎಂದು ಹೋಗಿದ್ದರು. ಅವರು ನನ್ನನ್ನು ಹೆದರಿಸಲು ಹೇಳಿದ್ದಲ್ಲ. ಹೆದರಿಕೊಂಡವಳು ನಾನು. ಮೊದಲು ಕುರ್ಡಿಗೆ ಹೋಗಿ ಮುದುಕನನ್ನು ಕೇಳೋಣ, ನಿಜವಾಗಿಯೂ ದೇವರಿಗೆ ಎತ್ತಿಟ್ಟಿದ್ದರೆ, ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಿಡಲಿಲ್ಲವೆಂದು ಗೊತ್ತಿತ್ತು. ಕುರ್ಡಿಗೆ ಹೋಗಲೂ ಇಲ್ಲ.

ಶುದ್ಧಪ್ರತಿಯಲ್ಲಿ ಅಂಚಿನ ಟಿಪ್ಪಣಿ ಬರೆಯುವ ಪದ್ಧತಿ ಇರಲಿಲ್ಲ. ನಾನೂ ಬರೆಯಲಿಲ್ಲ.

ಹೊರಡುವ ದಿನ ಅವರು ಕಚ್ಚಾ ಹಾಳೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, “ಎಸೆಯಬೇಡ. ಶುದ್ಧಪ್ರತಿ ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ” ಎಂದರು. ಆಮೇಲೆ, “ನನ್ನ ಮನಸ್ಸು ಉದ್ದದ ಕಡೆ ಇತ್ತು. ಅಂಕಿ ಗಿಡ್ಡದ ಕಡೆ ಹೋಯಿತು. ಇರಲಿ, ತಾಯಿಗೆ ನಾನೇ ತಿಳಿಸಿ ಹೇಳುತ್ತೇನೆ” ಎಂದರು. ಗಿಡ್ಡ ತಳಿಯ ಬೀಜ ಅವರೊಡನೆ ಹೋಯಿತು. ಉದ್ದದ್ದು ಹೋಗಲಿಲ್ಲ.

ಆಮೇಲಿನ ವರ್ಷಗಳನ್ನು ನಾನು ಫೋನಿನಲ್ಲಿ ನೋಡಿದೆ. ಪ್ರತಿ ಸುಗ್ಗಿಗೆ ಅವರಿಂದ ಒಂದು ಫೋಟೋ ಬರುತ್ತಿತ್ತು. ಮೊದಲು ಸಂಶೋಧನಾ ಕೇಂದ್ರದ ಕೆಂಪು ಮಣ್ಣಿನ ತಾಕಿನಲ್ಲಿ ಟೋಪಿ ಹಾಕಿಕೊಂಡು ಒಬ್ಬರೇ. ನಂತರ ಅದೇ ಕೇಂದ್ರದ ನಿರ್ದೇಶಕರಾಗಿ, ಹಿಂದೆ ಹತ್ತು ಜನ. ಒಂದು ವರ್ಷ ಟೋಪಿಯ ಬದಲು ಕೋಟು ಬಂತು: ಕೃಷಿ ಮಂತ್ರಿ. ಎಲ್ಲ ಫೋಟೋಗಳಲ್ಲೂ ಎದೆಮಟ್ಟದ ಜೋಳ. ಗಿಡ್ಡ ತಳಿಯನ್ನು ಅವರು ಅಲ್ಲಿನ ಬೇರೆ ತಳಿಗಳೊಡನೆ ಮತ್ತೆ ಮತ್ತೆ ಹೋಲಿಸಿ ನೋಡಿದ್ದರು. ಅದು ಕೆಟ್ಟ ತಳಿಯಲ್ಲ. ಆದರೆ ಉದ್ದದ್ದರೊಡನೆ ಹೋಲಿಸುವುದು ಸಾಧ್ಯವೇ ಇರಲಿಲ್ಲ. ಅದು ಅಲ್ಲಿಗೆ ಹೋಗೇ ಇರಲಿಲ್ಲವಲ್ಲ.

ನಾನು ಅಷ್ಟರಲ್ಲಿ ದೇವದುರ್ಗದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿದ್ದೆ, ಕಾಯಂ ನೌಕರಿ. ಒಂದು ಮಧ್ಯಾಹ್ನ ಬೀಜದ ಚೀಟಿಗಳಿಗೆ ಮುದ್ರೆ ಒತ್ತುತ್ತಿದ್ದಾಗ ಅವರ ಭಾಷಣದ ವಿಡಿಯೊ ಬಂತು. ದೇಶದ ಒಣ ಪ್ರದೇಶಕ್ಕೆಲ್ಲ ಗಿಡ್ಡ ಜೋಳದ ಬೀಜವನ್ನೇ ಸರ್ಕಾರ ಹಂಚುವುದೆಂದು ಘೋಷಿಸುತ್ತಿದ್ದರು. ಸಭೆಯಲ್ಲಿ ಒಬ್ಬ ಹೆಂಗಸು ಎದ್ದು, ದನಕ್ಕೆ ಮೇವೆಲ್ಲಿ, ಮಾಡಿಗೆ ದಂಟೆಲ್ಲಿ ಎಂದು ಕೇಳಿದಳು. ಅವರು ಹೇಳಿದರು: “ಅಮ್ಮಾ, ನಾನೂ ಉದ್ದನೆಯದರ ಪರವೇ ಇದ್ದವನು. ಭಾರತದ ಒಂದು ಕಣದಲ್ಲಿ ನಾನೇ ಕೈಯಾರೆ ಎಣಿಸಿದೆ. ಅಂಕಿ ಬೇರೆ ಹೇಳಿತು.”

ಮುದ್ರೆ ನನ್ನ ಬೆರಳಿನ ಮೇಲೆ ಬಿದ್ದಿತ್ತು. ಸರದಿಯಲ್ಲಿದ್ದ ರೈತನೊಬ್ಬ “ಮೇಡಂ, ಚೀಟಿ ಮ್ಯಾಲ ಒತ್ರಿ, ಕೈ ಮ್ಯಾಲ ಬ್ಯಾಡ” ಎಂದಾಗ ನೋಡಿಕೊಂಡೆ.

ಹೇಳಬೇಕೆಂದು ಎಷ್ಟು ಸಲ ಟೈಪ್ ಮಾಡಿ ಅಳಿಸಿದೆನೋ ನೆನಪಿಲ್ಲ. ಹಾಳೆಯ ನಿಯಮವನ್ನು ಫೋನಿನಲ್ಲಿ ಪಾಲಿಸಬೇಕಿಲ್ಲ. ಅಳಿಸಿದ್ದು ಯಾರಿಗೂ ಕಾಣುವುದಿಲ್ಲ.

ಕಳೆದ ಸುಗ್ಗಿಯಲ್ಲಿ ಅವರೇ ಬಂದರು. ಓದಿದ ಊರಿನಲ್ಲಿ ಸನ್ಮಾನ, ನಂತರ ಕುರ್ಡಿಯ ಕಣ ನೋಡಬೇಕೆಂದು ಅವರದೇ ಬೇಡಿಕೆ. ದುಭಾಷಿಯಾಗಿ ನಾನೇ ಬೇಕೆಂದು ಕೇಳಿದ್ದರಂತೆ. ನಾನು ಹಾಳೆಗಳ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಗಲ ಬ್ಯಾಗಿನಲ್ಲಿ ಇಟ್ಟುಕೊಂಡು ದೇವದುರ್ಗದಿಂದ ರಾಯಚೂರಿಗೆ ಹೋದೆ. ಅಲ್ಲಿಂದ ಕುರ್ಡಿಯ ದಾರಿಯಲ್ಲಿ, ಅವರ ಕಾರಿನಲ್ಲೇ ಹೇಳಿಬಿಡೋಣವೆಂದುಕೊಂಡಿದ್ದೆ. ಕಾರಿನಲ್ಲಿ ದೆಹಲಿಯಿಂದ ಜೊತೆಗೆ ಬಂದ ಅಧಿಕಾರಿ ಇದ್ದರು. ಅವರಿಬ್ಬರ ಮಾತು ಮಾನ್ವಿ ದಾಟಿದರೂ ಮುಗಿಯಲಿಲ್ಲ.

ಮುದುಕ ಇನ್ನೂ ಗಟ್ಟಿ ಇದ್ದ. ಕಣದಲ್ಲಿ ಹಾಕಿದ್ದ ಹೊರಸಿನ ಮೇಲೆ ಕುಳಿತಿದ್ದವನು ಎದ್ದು ನಿಂತು, ಕೋಟು ಮುಟ್ಟಿ ನೋಡಿದ.

“ಬೀಗರ, ದಪ್ಪಗ ಆಗೀರಿ! ಮಂತ್ರಿಗಿರಿ ಹತ್ತಿದಂಗ ಕಾಣಸ್ತದ.”

ನಗು ಮುಗಿದ ಮೇಲೆ ಅವರು ಕಣದ ಆಚೆ ತುದಿಗೆ ನೋಡಿದರು. ಅಲ್ಲಿ ಮೇವಿನ ಬಣವೆ ಇತ್ತು. ಅವರು ನಡೆದು ಹೋಗಿ ಒಂದು ದಂಟು ಎಳೆದು ನೆಲಕ್ಕೆ ಊರಿ ನಿಲ್ಲಿಸಿದರು. ಅದು ಅವರ ತಲೆಗಿಂತ ಮೇಲಿತ್ತು. ಗೆಣ್ಣುಗಳ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದರು.

“ಇದು ಆ ಉದ್ದನೆಯ ತಳಿ. ಸೋತದ್ದನ್ನು ಇವರು ಇನ್ನೂ ಯಾಕೆ ಬೆಳೆಯುತ್ತಿದ್ದಾರೆ, ಕೇಳು.”

ಕೇಳಿದೆ.

“ಸೋತದ್ದು?” ಮುದುಕನಿಗೆ ಕೋಪವೇ ಬಂತು. “ಯಾಂವ ಅಂದಾಂವ? ಅವತ್ತು ನಾನ ಅಳದೀನಿ. ಲಾಭದಿಂದ ಹಿಡದು ಕಡೀತನಾ ಎಣಿಸೀನಿ. ಸೊಸಿದಕ್ಕ ಎಲ್ಲಿ ಸೋತದ? ಕಾಳೂ ಅಷ್ಟ, ದನಕ್ಕ ಕಣಕಿ ಮ್ಯಾಲ ಬ್ಯಾರೆ. ಬೀಜ ಕಟ್ಟಿ ಇಟ್ಟು ವರ್ಷಾ ಬಿತ್ತೀನಿ.”

ಅವರಿಗೆ ಅರ್ಥವಾಗಲಿಲ್ಲ. ಒಂದು ಪದ ಮಾತ್ರ ಕಿವಿಗೆ ಬಿದ್ದಿತ್ತು. “ಲಾಭ,” ಎಂದರು ನಗುತ್ತ. “ಆ ದೇವರ ಪಾಲಲ್ಲವೇ?”

ದೆಹಲಿಯ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಉಳಿದ ಅಧಿಕಾರಿಗಳು ಶಾಮಿಯಾನದ ನೆರಳಿನಲ್ಲಿ ದೂರ ನಿಂತಿದ್ದರು. ಮುದುಕನ ಮಾತೂ ಮಂತ್ರಿಯ ಮಾತೂ ತಿಳಿಯುವವಳು ಅಲ್ಲಿ ನಾನೊಬ್ಬಳೇ. ಏನು ಹೇಳಿದ್ದರೂ ನಡೆದುಹೋಗುತ್ತಿತ್ತು. ದನಕ್ಕೆ ಮೇವು ಬೇಕಂತ ಬೆಳೆಯುತ್ತಾರೆ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಅಲ್ಲ.

ನಾನು ಬಣವೆಗೆ ಒರಗಿ ನಿಂತು, ಮುದುಕ ಹೇಳಿದ್ದನ್ನು ಅವನ ಮಾತಿನ ಕ್ರಮದಲ್ಲೇ ಪೂರ್ತಿ ಹೇಳಿದೆ. ಆಮೇಲೆ ನನ್ನದನ್ನು ಹೇಳಿದೆ: “ಲಾಭವೆಂದರೆ ಒಂದು. ದೇವರಿಗೆ ಎಂದು ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಟಿಪ್ಪಣಿಯನ್ನು ನೀವು ಪ್ರಬಂಧ ಒಪ್ಪಿಸುವ ಮೊದಲೇ ಓದಿದ್ದೆ. ಹೇಳಲಿಲ್ಲ.”

ಅವರು ದಂಟನ್ನು ಕೈಯಲ್ಲೇ ಹಿಡಿದಿದ್ದರು. ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಇಷ್ಟು: “ಎಲ್ಲಾ ಆರು ತಾಕಿನಲ್ಲೂ?”

“ಆರರಲ್ಲೂ.”

“ಹಾಳೆ ಇದೆಯೇ?”

ಬ್ಯಾಗಿನಿಂದ ತೆಗೆದು ಕೊಟ್ಟೆ. ಅವರು ಹೊರಸಿನ ಮೇಲೆ ಕುಳಿತು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲ ತಾಕಿನ ಗೀಟುಗಳ ಕೊನೆಗೆ ಒಂದು ಗೀಟು ಸೇರಿಸಿದರು. ಮೊತ್ತದ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದು ಬರೆದು, ಸಹಿ ಮಾಡಿದರು. ಎರಡನೆಯ ತಾಕು. ಮೂರನೆಯದು. ಅವಸರವಿರಲಿಲ್ಲ. ಅಧಿಕಾರಿ ಎರಡು ಸಲ ಗಡಿಯಾರ ತೋರಿಸಿದರು. ಆರೂ ಮುಗಿದ ಮೇಲೆ ಎರಡು ತಳಿಗಳ ಮೊತ್ತವನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅಂತರ ಉಳಿದಿರಲಿಲ್ಲ. ಎರಡು ತಾಕುಗಳಲ್ಲಿ ಉದ್ದದ್ದೇ ಮುಂದಿತ್ತು.

ಅಂಚಿನ ತಮ್ಮ ಹಳೆಯ ಟಿಪ್ಪಣಿಯ ಮೇಲೂ ಗೆರೆ ಎಳೆದರು. ಅದರ ಕೆಳಗೆ ‘ಅನುವಾದ ತಿದ್ದಿದವರು’ ಎಂದು ಬರೆದು, ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಸಹಿ ಮಾಡಿದೆ. ಅಕ್ಷರ ಸೊಟ್ಟಗೆ ಬಂತು.

“ಬೀಗರು ಏನ್ ಬರಿಯಾಕತ್ತಾರ?” ಎಂದು ಮುದುಕ ಕೇಳಿದ.

“ಒಂದು ಬಿಟ್ಟಿತ್ತು, ಯಪ್ಪಾ. ಸೇರಸಾಕತ್ತಾರ.”

“ಕಣದಾಗ ನಿಂತು ಒಂದು ಅಂತೀಯಲ್ಲಬೇ,” ಎಂದು ಗದರಿದ.

ಕಾರು ಹತ್ತುವ ಮುಂಚೆ ಅವರು ನನ್ನ ಮುಖ ನೋಡಿ ಹೇಳಿದರು: “ಮೇವೆಲ್ಲಿ ಎಂದು ಕೇಳಿದ ಆ ಹೆಂಗಸಿಗೆ ನಾನು ಎಲ್ಲರ ಮುಂದೆ ಉತ್ತರ ಕೊಟ್ಟಿದ್ದೇನೆ.” ಕ್ಷಮಿಸಿದ್ದೇನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಾಳೆಗಳು ಅವರೊಡನೆ ಹೋದವು.

ಎರಡು ತಿಂಗಳ ನಂತರದ ಸುದ್ದಿಯನ್ನು ನಾನು ಓದಿದ್ದು ಆಫೀಸಿನಲ್ಲೇ. ಗಿಡ್ಡ ಬೀಜದ ಹಂಚಿಕೆಯನ್ನು ಅವರು ತಡೆದಿದ್ದರು. ತಮ್ಮ ಎಣಿಕೆಯಲ್ಲಿ ತಪ್ಪಾಗಿತ್ತು ಎಂದು ಶಾಸನಸಭೆಯಲ್ಲೇ ಹೇಳಿದ್ದರು. ವಿರೋಧಿಗಳು ಬೆಂಚು ಬಡಿದು ಎಣಿಸುತ್ತ ಒಂದು, ಎರಡು, ಮೂರು ಎಂದು ಅಣಕಿಸಿದ್ದರು. ನನ್ನ ವಿಷಯವನ್ನು ಎಲ್ಲಿಯೂ ಎತ್ತಿರಲಿಲ್ಲ. ತಪ್ಪು ತಮ್ಮದೆಂದಷ್ಟೇ ಹೇಳಿದ್ದರು. ಅದಾದ ಮೇಲೆ ಸಂಪುಟ ಬದಲಾದಾಗ ಪಟ್ಟಿಯಲ್ಲಿ ಅವರಿರಲಿಲ್ಲ. ಅದಕ್ಕೆ ಇದೇ ಕಾರಣವೋ, ರಾಜಕೀಯದ ಬೇರೆ ಕಾರಣವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದು ಸಮಾಧಾನವೂ ಅಲ್ಲ.

ಮುದುಕನ ಮನೆಯಿಂದ ಉದ್ದನೆಯ ತಳಿಯ ಬೀಜ ತರಿಸಿಕೊಳ್ಳಲು ಬೇಕಾದ ಕಾಗದಪತ್ರ ನಮ್ಮ ಪ್ರಾಧ್ಯಾಪಕರ ಶಿಷ್ಯರ ಮೂಲಕ ನಡೆಯಿತೆಂದು ಕೇಳಿದೆ. ಅವ್ವನಿಗೆ ಇದನ್ನೆಲ್ಲ ಈ ನಡುವೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, “ನಾ ಅನ್ನೂದು ಕೇಳಿ ಕೇಳಿ ಬೆಳದಾಕಿ, ನಿನಗ ಆ ಮಾತು ಹೇಳಾಕ ಅಷ್ಟು ನಾಚಿಕಿ ಬಂತೇನು?” ಎಂದಳು. ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಕಳೆದ ವಾರ ಅವರಿಂದ ಫೋಟೋ ಬಂತು. ಹಳೆಯ ಸಂಶೋಧನಾ ಕೇಂದ್ರದ ಕೆಂಪು ಮಣ್ಣು, ತಲೆಯ ಮೇಲೆ ಟೋಪಿ. ಹಿಂದೆ ಒಂದು ಸಾಲು ಎದೆಮಟ್ಟ, ಒಂದು ಸಾಲು ತಲೆಗಿಂತ ಮೇಲೆ. ಕೆಳಗೆ ಒಂದು ಸಾಲು ಬರೆದಿದ್ದರು: ಮುಂದಿನ ತಿಂಗಳು ಕಟಾವು, ತೂಕದ ಯಂತ್ರ ಎರಡು ಇವೆ, ಆದರೂ ಮೊದಲ ಸೇರಿಗೆ ಏನೆನ್ನಬೇಕೆಂದು ಇನ್ನೊಮ್ಮೆ ಸರಿಯಾಗಿ ಬರೆದು ಕಳಿಸು.

ನಾನು ಬಾಗಿಲು ಹಾಕಿಕೊಂಡು ಕುಳಿತು, ಬರೆದು, ಓದಿ, ಮತ್ತೆ ಓದಿ ಕಳಿಸಿದೆ. ಲಾಭ. ಅರ್ಥ: ಒಂದು.